ದೂರವು ವಾಕ್ಯಕ್ಕೆ ತಡೆಯಲ್ಲ



ಕೊಲೊಸ್ಸೆಯವರಿಗೆ ಬರೆದ ಪತ್ರಿಕೆಯ 4ನೆಯ ಅಧ್ಯಾಯದ 16ನೆಯ ವಚನವನ್ನು ಧ್ಯಾನಿಸಿರಿ. ಪೌಲನು ಬೇಡಿಗಳಲ್ಲಿದ್ದನು, ಆ ಸಭೆಯವರು ಅವನ ಮುಖವನ್ನು ಕಂಡವರಲ್ಲ. ಆದರೂ ಅವನ ಪತ್ರಿಕೆಯು ಅವರಲ್ಲಿ ಓದಲ್ಪಟ್ಟು ನೆರೆಯ ಲವೊದಿಕೀಯದ ಸಭೆಗೂ ಹೋಗಬೇಕೆಂದು ಆಜ್ಞಾಪಿಸಿದನು.

ಮಧ್ಯ ಅಮೇರಿಕೆಯ ಗ್ವಾಟೆಮಾಲಾ ದೇಶದಲ್ಲಿ ಪ್ರೆಸ್ಬಿಟೇರಿಯನ್ ಸಭೆಯವರಿಗೆ ಒಂದು ವೇದಶಾಲೆಯಿತ್ತು. ಹೊಲಮನೆಗಳನ್ನು ಬಿಟ್ಟು ಅಲ್ಲಿಗೆ ಹೋಗುವದು ಹಳ್ಳಿಯ ಹಿರಿಯರಿಂದಾಗಲಿಲ್ಲ. ಆದಕಾರಣ 1963ರಲ್ಲಿ ಮಿಶನರಿಗಳೂ ಸಭೆಯವರೂ ಕೂಡಿ ಶಾಲೆಯನ್ನೇ ಹಳ್ಳಿಗಳ ಕಡೆಗೆ ಕಳುಹಿಸಿದರು. ಹಿರಿಯನು ಮನೆಯಲ್ಲೇ ಪಾಠವನ್ನು ಓದಿ ಉತ್ತರ ಬರೆಯುವನು. ಬೋಧಕನು ವಾರಕ್ಕೊಮ್ಮೆ ಸಮೀಪದ ಊರಿಗೆ ಬಂದು ಅವನೊಂದಿಗೆ ಕೂತು ವಿಚಾರಿಸುವನು. ನಮ್ಮ ದೇಶದಲ್ಲಿಯೂ 1971ರಲ್ಲಿ ಹಲವು ಸಭೆಗಳವರು ಕೂಡಿ, ಬೆಂಗಳೂರನ್ನು ನೆಲೆಮಾಡಿಕೊಂಡು, ಟಾಫ್ಟಿ ಎಂಬ ಸಂಘದ ಮೂಲಕ ಇದೇ ಕ್ರಮವನ್ನು ಆರಂಭಿಸಿದರು.

ಆದರೆ ನಮ್ಮ ಹಿರಿಯರಲ್ಲಿ ಕೆಲವರು, "ನಾವು ವೇದಶಾಲೆಗೆ ಹೋದವರಲ್ಲ" ಎಂದು ಹೇಳುತ್ತಾರೆ; ಉಪದೇಶಿಯು ಬಾರದ ಆದಿತ್ಯವಾರದಲ್ಲಿ ದೇವಾಲಯದ ಬಾಗಿಲು ಮುಚ್ಚಿರುತ್ತದೆ. ಅಲ್ಲಿ ಓದಿದ ನಾವಾದರೋ, ಆ ಗೋಡೆಗಳೇ ನಮ್ಮನ್ನು ಸೇವಕರನ್ನಾಗಿ ಮಾಡಿದವೆಂದು ಹೆಚ್ಚಳಪಟ್ಟೆವು. ಎರಡೂ ಪಾಪವೇ. ಕರೆಯುವಾತನು ಕರ್ತನು; ಆತನು ಶಾಲೆಯ ಬಾಗಿಲಲ್ಲಿ ಮಾತ್ರ ನಿಂತು ಕರೆಯುವದಿಲ್ಲ.

ಆದದರಿಂದ ಹಿರಿಯರೇ, ಎತ್ತುಗಳನ್ನು ಕೊಟ್ಟಿಗೆಯಲ್ಲಿ ಕಟ್ಟಿದ ಮೇಲೆ ದೀಪದ ಮುಂದೆ ಒಂದು ಗಳಿಗೆ ಕೂತು ಕಲಿಯಿರಿ. ಓದುಬಾರದವನಿಗೆ ಅವನ ಮಗಳು ಓದಿ ಹೇಳಲಿ. ಉಪದೇಶಿಗಳೇ, ನೀವು ಹೊಂದಿದ್ದನ್ನು ಬಚ್ಚಿಡದೆ ಅವರಿಗೆ ಒಪ್ಪಿಸಿರಿ. ಮಂದೆಯು ಹಸಿದಿರುವಾಗ ದೂರವನ್ನು ನೆವಮಾಡದಿರೋಣ. ಆಮೆನ್.