ಬಿಸುಟ ವಸ್ತುವಿನ ಹೊಣೆ

ಬೇಡವಾದ ವಸ್ತುವನ್ನು ಬಿಸುಟೊಡನೆ ಅದರೊಡನೆ ತನ್ನ ಸಂಬಂಧವೂ ಮುಗಿಯಿತೆಂದು ಮನುಷ್ಯನು ಭಾವಿಸುತ್ತಾನೆ. ಬಾಳೆಯೆಲೆ, ಮುತ್ತುಗದೆಲೆಗಳ ಕಾಲದಲ್ಲಿ ಈ ಭಾವನೆಯಿಂದ ಹೆಚ್ಚಿನ ಕೇಡಿರಲಿಲ್ಲ. ಮಣ್ಣಿನಿಂದ ಬಂದುದು ಮಣ್ಣಿಗೆ ಸೇರುತ್ತಿತ್ತು. ಪ್ಲಾಸ್ಟಿಕ್ಕಿಗೆ ಈ ಮಾತು ಸಲ್ಲದು. ಅದು ಬಿಸಿಲಿಗೆ ಒಡೆದು ಸಣ್ಣದಾದೀತೇ ಹೊರತು ಬೇಗನೆ ಮಣ್ಣಾಗದು. ಹಾಗಾದರೆ ಬಿಸುಟವನ ಹೊಣೆ ಎಲ್ಲಿಗೆ ಮುಗಿಯುತ್ತದೆ?

ಈ ಸಮಸ್ಯೆಗೆ ಕೈಕೆಲಸದಿಂದ ಪರಿಹಾರ ಹುಡುಕಿದವರಲ್ಲಿ ನೆದರ್ಲೆಂಡ್ಸ್ ದೇಶದ ಡೇವ್ ಹಾಕೆನ್ಸ್ ಒಬ್ಬರು. ಐಂಡ್‌ಹೋವನ್ ನಗರದಲ್ಲಿ ವಿನ್ಯಾಸಶಾಸ್ತ್ರವನ್ನು ಕಲಿತ ಅವರು 2013ರಲ್ಲಿ ‘ಪ್ರೆಷಸ್ ಪ್ಲಾಸ್ಟಿಕ್’ ಎಂಬ ಹೆಸರಿನಿಂದ, ಸಣ್ಣ ಕಾರ್ಯಾಗಾರಕ್ಕೆ ಹೊಂದುವ ಯಂತ್ರಗಳನ್ನು ರೂಪಿಸಿದರು. ಪ್ಲಾಸ್ಟಿಕ್ಕನ್ನು ಚೂರು ಮಾಡುವ ಯಂತ್ರ ಅವುಗಳಲ್ಲೊಂದು. ಅದರ ನಕ್ಷೆಗಳನ್ನು ಅವರು ಗುಟ್ಟಾಗಿಡದೆ ಎಲ್ಲರಿಗೂ ಉಚಿತವಾಗಿ ಹಂಚಿದರು. ಹಲವು ದೇಶಗಳ ಜನರು ಅವನ್ನು ನೋಡಿ ತಾವೇ ಯಂತ್ರ ಕಟ್ಟಿಕೊಂಡರು. ವಿದ್ಯಾದಾನಕ್ಕೆ ಇದೊಂದು ಉತ್ತಮ ನಿದರ್ಶನ.

ಯಂತ್ರದ ರಚನೆ ಸರಳವಾಗಿದೆ. ಮೇಲೆ ಪ್ಲಾಸ್ಟಿಕ್ ಸುರಿಯುವ ಬಾಯಿ, ಕೆಳಗೆ ಉಕ್ಕಿನ ಪೆಟ್ಟಿಗೆ. ಪೆಟ್ಟಿಗೆಯೊಳಗೆ ಆರು ಮುಖದ ದಂಡಕ್ಕೆ ಕೊಕ್ಕೆಹಲ್ಲಿನ ಉಕ್ಕಿನ ಬಿಲ್ಲೆಗಳನ್ನು ಪೋಣಿಸಲಾಗಿರುತ್ತದೆ. ಸ್ಥಿರವಾಗಿ ನಿಂತ ಅಲಗುಗಳ ನಡುವೆ ಅವು ತಿರುಗುತ್ತ ಪ್ಲಾಸ್ಟಿಕ್ಕನ್ನು ಕತ್ತರಿಸುತ್ತವೆ. ಅಡಿಯ ಜರಡಿಯ ತೂತಿನಲ್ಲಿ ಹಿಡಿಸುವಷ್ಟು ಸಣ್ಣದಾಗುವವರೆಗೆ ಚೂರು ಹೊರಬೀಳದು. ದಂಡವು ನಿಮಿಷಕ್ಕೆ ಸುಮಾರು 70 ಸುತ್ತು ತಿರುಗಿದರೆ ಸಾಕು. ಇಲ್ಲಿ ವೇಗಕ್ಕಿಂತ ಬಲ ಮುಖ್ಯವಾದುದರಿಂದ ಮೋಟಾರಿಗೆ ಗೇರ್‌ಬಾಕ್ಸ್ ಜೋಡಿಸುತ್ತಾರೆ.

ಆದರೆ ಈ ಹಲ್ಲುಗಳಿಗೆ ಬಾಟಲಿಗೂ ಬೆರಳಿಗೂ ಭೇದ ತಿಳಿಯದು. ಕೈ ಎಟುಕದಂಥ ಬಾಯಿಯನ್ನೂ ತಕ್ಷಣ ನಿಲ್ಲಿಸುವ ಗುಂಡಿಯನ್ನೂ ಖರ್ಚು ಉಳಿಸಲೆಂದು ಕೈಬಿಟ್ಟವನು, ನೋಯಿಸುವ ಉದ್ದೇಶ ತನಗಿರಲಿಲ್ಲವೆಂದು ಹೇಳಿ ಪಾರಾಗಲಾರನು. ಪ್ರಮಾದವೂ ಹಿಂಸೆಗೆ ಕಾರಣವೇ.

ಬಗೆಯರಿತು ವಿಂಗಡಿಸುವ ವಿವೇಕವೂ ಯಂತ್ರಕ್ಕಿಲ್ಲ. ನೀರಿನ ಬಾಟಲಿ ಒಂದು ಬಗೆಯ ಪ್ಲಾಸ್ಟಿಕ್, ಅದರ ಮುಚ್ಚಳ ಇನ್ನೊಂದು ಬಗೆ. ಅವು ಕರಗುವ ಶಾಖ ಬೇರೆ ಬೇರೆ. ಪಿ.ವಿ.ಸಿ. ಚೂರುಗಳು ಬೆರೆತು ಅತಿಯಾಗಿ ಕಾದರೆ ಹೈಡ್ರೋಜನ್ ಕ್ಲೋರೈಡ್ ಎಂಬ ವಿಷಾನಿಲ ಹೊರಡುತ್ತದೆ. ಚೂರುಗಳನ್ನು ತೊಳೆದ ನೀರನ್ನು ಸೋಸದೆ ಚರಂಡಿಗೆ ಬಿಟ್ಟರೆ ಸೂಕ್ಷ್ಮ ಕಣಗಳು ಕೆರೆಹೊಳೆಗಳ ಜೀವಿಗಳ ಹೊಟ್ಟೆ ಸೇರುತ್ತವೆ. ಮಲಮೂತ್ರಗಳನ್ನು ವಿಸರ್ಜಿಸುವಾಗಲೂ ಜೀವಬಾಧೆಯಿಲ್ಲದ ಎಡೆಯನ್ನು ನೋಡಬೇಕೆಂಬುದು ಮುನಿಗಳಿಗೆ ವಿಧಿಸಿರುವ ಉತ್ಸರ್ಗ ಸಮಿತಿ. ಅದರ ತಿರುಳು ಇಲ್ಲಿ ಗೃಹಸ್ಥನಿಗೂ ದಾರಿ ತೋರಬಲ್ಲದು.

ಇವೆಲ್ಲಕ್ಕಿಂತ ಸೂಕ್ಷ್ಮವಾದ ಅಪಾಯವು ಮನಸ್ಸಿಗೆ ಸಂಬಂಧಿಸಿದ್ದು. ಹೇಗೂ ಮರುಬಳಕೆಯಾಗುತ್ತದೆಯೆಂಬ ಸಮಾಧಾನದಿಂದ ಕೊಳ್ಳುವುದು ಹೆಚ್ಚಾದರೆ ಯಂತ್ರವು ಆಸೆಗೆ ನೆಪವಾಗುತ್ತದೆ. ಮತ್ತೆ ಮತ್ತೆ ಕಾಯಿಸಿದ ಪ್ಲಾಸ್ಟಿಕ್ಕಿನ ಅಣುಸರಪಳಿಗಳು ಕಡಿದು ಅದರ ಸತ್ತ್ವ ಕುಗ್ಗುತ್ತದೆ. ಆದ್ದರಿಂದ ಯಂತ್ರವು ಕಸದ ಆಯುಷ್ಯವನ್ನು ಸದುಪಯೋಗಪಡಿಸೀತು; ಕಸವೇ ಇಲ್ಲದಂತೆ ಮಾಡಲಾರದು.

ಬಿಸುಡುವುದಕ್ಕೂ ತ್ಯಜಿಸುವುದಕ್ಕೂ ಅಂತರವಿದೆ. ಬಿಸುಡುವವನು ವಸ್ತುವನ್ನು ಬಿಡುತ್ತಾನೆ. ತ್ಯಜಿಸುವವನು ಅದರ ಬಯಕೆಯನ್ನು ಬಿಡುತ್ತಾನೆ. ಈಗಾಗಲೇ ಬಿಸುಟುದಕ್ಕೆ ಯಂತ್ರವನ್ನು ಕಟ್ಟುವುದು ಯೋಗ್ಯವಾದ ಪ್ರಾಯಶ್ಚಿತ್ತ. ಆದರೆ ಪ್ರಾಯಶ್ಚಿತ್ತವಿದೆಯೆಂದು ತಪ್ಪನ್ನು ಮುಂದುವರಿಸುವವನಿಗೆ ಅದರ ಫಲ ದೊರೆಯದು. ಬಿಸುಟವನ ಹೊಣೆ ಯಂತ್ರದ ಬಾಯಿಯಲ್ಲಿ ಮುಗಿಯುವುದಿಲ್ಲ. ಕೊಳ್ಳಲು ಕೈಚಾಚುವ ಮೊದಲೇ ಅದು ಆರಂಭವಾಗಿರುತ್ತದೆ.