ಬಾಗಿಲು ಯಾರನ್ನು ಕಾಯುತ್ತದೆ?

ಹೊಸ ಊರಿಗೆ ಹೋದವರು ಸಾಮಾನ್ಯವಾಗಿ ಎರಡು ಊರುಗಳನ್ನು ಹುಡುಕುತ್ತಾರೆ. ಒಂದು, ಬಂದವರಿಗೆ ತೋರಿಸಲೆಂದೇ ಇರುವ ಊರು. ಅದಕ್ಕೆ ಟಿಕೆಟ್ ಸಾಕು. ಇನ್ನೊಂದು, ಅಲ್ಲಿಯವರು ತಮಗಾಗಿ ಇಟ್ಟುಕೊಂಡ ಊರು. ಅದಕ್ಕೆ ಏನು ಬೇಕು ಎಂಬುದು ಬೇಗ ಗೊತ್ತಾಗುವುದಿಲ್ಲ, ಆದರೂ ಮನಸ್ಸು ಕೇಳುವುದು ಅದನ್ನೇ. ಬರ್ಲಿನ್ನಿಗೆ ಹೋದವರು ನೆಲಮಾಳಿಗೆಯ ಟೆಕ್ನೋ ರಾತ್ರಿಗಳು ಎಲ್ಲಿ ನಡೆಯುತ್ತವೆ ಎಂದು ವಿಚಾರಿಸುತ್ತಾರೆ. ಧಾರವಾಡದ ಕಡೆ ಬಂದವರು ‘ನಿಜವಾದ’ ತತ್ವಪದದ ಭಜನೆ ಯಾವ ಹಳ್ಳಿಯಲ್ಲಿದೆ ಎಂದು ವಿಚಾರಿಸುತ್ತಾರೆ. ಇನ್ನೊಬ್ಬರು ತಮಗಾಗಿ ಇಟ್ಟುಕೊಂಡದ್ದನ್ನು ಹುಡುಕಿಕೊಂಡು ಹೋಗುವ ಹಕ್ಕು ಹೊರಗಿನವನಿಗೆ ಇದೆಯೇ? ಈ ಪ್ರಶ್ನೆ ನನಗೆ ಎರಡೂ ದಿಕ್ಕಿನಿಂದ ಎದುರಾಗಿದೆ. ಮೊರಬದಲ್ಲಿ ನಾನು ಒಳಗಿನವನು. ಓದಿಗಾಗಿ ಕೆಲವು ತಿಂಗಳು ಇದ್ದ ಬರ್ಲಿನ್ನಿನಲ್ಲಿ ಹೊರಗಿನವನು.

ನವಲಗುಂದ ತಾಲೂಕಿನ ಮೊರಬ ಎರಿ ಹೊಲಗಳ ಊರು. ನಮ್ಮಲ್ಲಿ ಭಜನೆಗೆ ಪೋಸ್ಟರ್ ಹಚ್ಚುವುದಿಲ್ಲ. ಅಮಾವಾಸ್ಯೆ ಎಂದರೆ ಭಜನೆ ಇರುತ್ತದೆ, ಶ್ರಾವಣವೆಂದರೆ ತಿಂಗಳುದ್ದಕ್ಕೂ ಇರುತ್ತದೆ. ಊಟ ಮುಗಿಸಿದವರು ಒಬ್ಬೊಬ್ಬರಾಗಿ ಗುಡಿಗೆ ಬಂದು ಕೂಡುತ್ತಾರೆ. ಹಾರ್ಮೋನಿಯಂ, ತಬಲಾ, ದಮ್ಮಡಿ, ತಾಳ. ಶರೀಫರ ಪದ, ನಿಜಗುಣರ ಪದ, ಕಡಕೋಳ ಮಡಿವಾಳಪ್ಪನವರ ಪದ. ಪಲ್ಲವಿಯನ್ನು ಮುಂದಿನವರು ಹೇಳುತ್ತಾರೆ, ಹಿಂದಿನವರು ಹಿಡಿಯುತ್ತಾರೆ. ಲಯ ನಿಧಾನವಾಗಿ ಏರುತ್ತ ಹೋಗಿ, ಯಾರ ದನಿ ಯಾವುದು ಎಂದು ಗುರುತಿಸಲಾಗದ ಹಂತಕ್ಕೆ ಮುಟ್ಟುತ್ತದೆ.

ಒಮ್ಮೆ ಬೆಂಗಳೂರಿನಿಂದ ಬಂದ ಪರಿಚಯದವರೊಬ್ಬರನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ಕೂಡುವ ಮೊದಲೇ ಅವರು ಫೋನ್ ಎತ್ತಿ ಹಿಡಿದರು. ಹಾರ್ಮೋನಿಯಂ ಮುಂದೆ ಕುಳಿತಿದ್ದ ಹಿರಿಯರು ನಕ್ಕರು.

“ಬರ್ರಿ ಸರ, ಕುಂದರ್ರಿ. ರೆಕಾರ್ಡ ಆಮ್ಯಾಲ ಮಾಡೀರಂತ, ಮದ್ಲ ಈ ತಾಳ ಹಿಡೀರಿ.”

“ನನಗೆ ಬಾರಿಸೋಕೆ ಬರಲ್ಲ ಅಜ್ಜಾ.”

“ಮಂದಿ ಕೂಡ ಹೊಡಕೋತ ಹೋಗ್ರಿ, ತಾನ ಬರ್ತದ.”

ಅವರಿಗೆ ತಾಳ ಪೂರ್ತಿ ಬರಲಿಲ್ಲ. ಆದರೆ ಎರಡು ತಾಸಿನ ಮೇಲೆ ತಮ್ಮ ಫೋನ್ ಎಲ್ಲಿದೆ ಎಂಬುದನ್ನೇ ಮರೆತಿದ್ದರು. ಹಿರಿಯರು ಬೇಡ ಎನ್ನಲಿಲ್ಲ. ನೋಡಲು ಬಂದವನನ್ನು ಮೇಳದವನನ್ನಾಗಿ ಮಾಡಿಬಿಟ್ಟರು, ಅಷ್ಟೆ.

ಬರ್ಲಿನ್ನಿನಲ್ಲಿ ನಾನು ಅಂಥದೇ ಅತಿಥಿಯ ಜಾಗದಲ್ಲಿದ್ದೆ. ಟೆಕ್ನೋ ಹುಟ್ಟಿದ್ದು ಆ ನಗರದಲ್ಲಲ್ಲ. 1980ರ ದಶಕದಲ್ಲಿ ಅಮೆರಿಕದ ಡೆಟ್ರಾಯಿಟ್‌ನ ಕಪ್ಪು ಯುವಕರು, ಹ್ವಾನ್ ಆಟ್ಕಿನ್ಸ್, ಡೆರಿಕ್ ಮೇ, ಕೆವಿನ್ ಸಾಂಡರ್ಸನ್ ಮುಂತಾದವರು ಕಟ್ಟಿದ ಸಂಗೀತ ಅದು. 1989ರ ನವೆಂಬರಿನಲ್ಲಿ ಗೋಡೆ ಬಿದ್ದಾಗ ಪೂರ್ವ ಬರ್ಲಿನ್ನಿನಲ್ಲಿ ಒಡೆಯರಿಲ್ಲದ ಕಾರ್ಖಾನೆಗಳು, ನೆಲಮಾಳಿಗೆಗಳು ಖಾಲಿ ಬಿದ್ದಿದ್ದವು. ಎರಡೂ ಕಡೆಯ ಹುಡುಗರು ಅಲ್ಲಿ ಕೂಡಿ ಕುಣಿದರು. 1991ರಲ್ಲಿ ಶುರುವಾದ ‘ಟ್ರೆಸೋರ್’ ಹಳೆಯ ಅಂಗಡಿಯೊಂದರ ತಿಜೋರಿ ಕೋಣೆಯಲ್ಲಿತ್ತು. ಆ ಹೆಸರಿನ ಅರ್ಥವೂ ತಿಜೋರಿಯೇ. 2004ರಲ್ಲಿ ಬಂದ ‘ಬೆರ್ಗ್‌ಹೈನ್’ ನಿಂತಿರುವುದು ಹಳೆಯ ವಿದ್ಯುತ್ ಸ್ಥಾವರದಲ್ಲಿ. ಇಂಥ ಹಲವು ಕ್ಲಬ್ಬುಗಳಲ್ಲಿ ಒಳಗೆ ಬಿಡುವ ಮೊದಲು ಫೋನಿನ ಕ್ಯಾಮೆರಾಕ್ಕೆ ಸ್ಟಿಕ್ಕರ್ ಅಂಟಿಸುತ್ತಾರೆ. ನಮ್ಮ ಅಜ್ಜ ತಾಳ ಕೊಟ್ಟು ಮಾಡಿದ್ದನ್ನು ಅವರು ಸ್ಟಿಕ್ಕರಿನಿಂದ ಮಾಡುತ್ತಾರೆ.

ವ್ಯತ್ಯಾಸವಿರುವುದು ಬಾಗಿಲಲ್ಲಿ. ಒಂದು ಕ್ಲಬ್ಬಿನ ಮುಂದೆ ಚಳಿಯಲ್ಲಿ ಎರಡು ತಾಸು ಸರದಿಯಲ್ಲಿ ನಿಂತಿದ್ದೆ. ಬಾಗಿಲಲ್ಲಿದ್ದವನು ನನ್ನನ್ನೊಮ್ಮೆ ನೋಡಿ ತಲೆ ಅಲ್ಲಾಡಿಸಿದ. ಕಾರಣ ಹೇಳಲಿಲ್ಲ, ಕೇಳುವ ಪದ್ಧತಿಯೂ ಅಲ್ಲಿಲ್ಲ. ನನಗೆ ಸಿಟ್ಟು ಬಂತು. ಮುಖ ನೋಡಿ, ಕಾರಣ ಹೇಳದೆ ಹೊರಗೆ ನಿಲ್ಲಿಸುವ ಬಾಗಿಲಿಗೆ ನಮ್ಮ ನಾಡಿನಲ್ಲಿ ಹಳೆಯ ಹೆಸರಿದೆ. ಗುಡಿಯ ಬಾಗಿಲು, ಬಾವಿಯ ಕಟ್ಟೆ, ಹೋಟೆಲಿನ ಒಳಮನೆ ಎಲ್ಲವೂ ಹಾಗೆಯೇ ಕೆಲಸ ಮಾಡಿದವು. ಅದನ್ನು ಬಲ್ಲವನು ಈ ಬಾಗಿಲನ್ನು ಹೇಗೆ ಒಪ್ಪಬೇಕು?

ಆದರೆ ಎರಡು ಬಾಗಿಲು ನೋಡಲು ಒಂದೇ ತೆರನಾಗಿದ್ದರೆ ಅವು ಒಂದೇ ಎಂದಾಗುವುದಿಲ್ಲ. ಬೆರ್ಗ್‌ಹೈನಿನ ಬೇರು ಇರುವುದು ಅದಕ್ಕೂ ಮುಂಚಿನ ಸಲಿಂಗಿಗಳ ಕ್ಲಬ್ಬೊಂದರಲ್ಲಿ. ಗಂಡಸರ ಸಲಿಂಗ ಸಂಬಂಧವನ್ನು ಅಪರಾಧವೆಂದ ಜರ್ಮನಿಯ 175ನೇ ಕಲಂ ಪೂರ್ತಿ ಅಳಿದದ್ದು 1994ರಲ್ಲಿ. ಹಗಲಿನ ಬೀದಿಯಲ್ಲಿ ಪರರ ಕಣ್ಣಿಗೆ ಅಂಜಿ ಬದುಕಿದವರು ಒಂದು ರಾತ್ರಿಯಾದರೂ ಅಂಜದೆ ಕುಣಿಯಲು ಕಟ್ಟಿಕೊಂಡ ಜಾಗ ಅದು. ಅಲ್ಲಿ ‘ಅವರು ಹೇಗಿರುತ್ತಾರೆ’ ಎಂದು ನೋಡಲಷ್ಟೇ ಬಂದವನು ಒಳಹೊಕ್ಕರೆ ಒಳಗಿದ್ದವರು ಮತ್ತೆ ಬೀದಿಗೆ ಬಿದ್ದಂತೆ. ಗುಡಿಯ ಬಾಗಿಲು ಬಲವಿದ್ದವರನ್ನು ಬಲವಿಲ್ಲದವರಿಂದ ಕಾಯುತ್ತಿತ್ತು. ಈ ಬಾಗಿಲು ಹುಟ್ಟಿದ್ದು ಬಲವಿಲ್ಲದವರನ್ನು ಬಲವಿದ್ದವರ ಕಣ್ಣಿನಿಂದ ಕಾಯಲು. ಹಾಗೆಂದು ಅದರ ಪ್ರತಿ ತೀರ್ಪೂ ನ್ಯಾಯದ್ದಾಗಿರುತ್ತದೆ ಎಂದಲ್ಲ; ಕಾವಲುಗಾರನಿಗೂ ಮೈಬಣ್ಣ, ಬಟ್ಟೆ, ಗತ್ತು ಕಾಣುತ್ತವೆ. ಆದರೂ ಬಾಗಿಲನ್ನು ಅಳೆಯುವ ಮೊದಲ ಪ್ರಶ್ನೆ ‘ನನ್ನನ್ನು ಯಾಕೆ ಬಿಡಲಿಲ್ಲ’ ಎಂಬುದಲ್ಲ, ‘ಇದು ಯಾರನ್ನು ಕಾಯುತ್ತಿದೆ’ ಎಂಬುದು.

ಆ ಪ್ರಶ್ನೆಯನ್ನು ನಮ್ಮ ಊರಿಗೂ ಹಾಕಬೇಕಾಗುತ್ತದೆ. ನಮ್ಮ ಭಜನೆಗೆ ಬಾಗಿಲೇ ಇಲ್ಲ ಎಂದು ನಾವು ಹೆಮ್ಮೆಪಡುತ್ತೇವೆ. ಬೆಂಗಳೂರಿನ ಅತಿಥಿಗೆ ಬಂದ ಕ್ಷಣದಲ್ಲಿ ತಾಳ ಸಿಕ್ಕಿತು. ಆದರೆ ನಮ್ಮ ಭಾಗದ ಎಷ್ಟೋ ಊರುಗಳಲ್ಲಿ ಹೆಂಗಸರು ಇಂದಿಗೂ ಭಜನೆಯನ್ನು ಕೇಳುವುದು ಹೊರಗಿನ ಕಟ್ಟೆಯ ಮೇಲಿಂದ. ಕೆಲವು ಕೇರಿಯವರು ಗುಡಿಯ ಮೆಟ್ಟಿಲ ಬಳಿಯೇ ನಿಂತು ದನಿಗೂಡಿಸುತ್ತಾರೆ. ಅವರನ್ನು ಯಾರೂ ತಡೆಯುವುದಿಲ್ಲ. ಯಾರೂ ಕರೆಯುವುದೂ ಇಲ್ಲ. ಕಾವಲುಗಾರನಿಲ್ಲದ ಬಾಗಿಲಿಗೆ ಬೈಯಲು ಒಬ್ಬ ಮನುಷ್ಯನೂ ಸಿಗುವುದಿಲ್ಲ. ಅದಕ್ಕೇ ಅದು ಹೆಚ್ಚು ಕಾಲ ಬಾಳುತ್ತದೆ.

ಸಂಗೀತ ಈ ಗೆರೆಯನ್ನು ತಾನಾಗಿ ಅಳಿಸುತ್ತದೆ ಎಂದು ನಂಬುವವರು ಗಂಗೂಬಾಯಿ ಹಾನಗಲ್ಲರ ಬದುಕನ್ನು ನೆನೆಯಬೇಕು. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಗಾಂಧೀಜಿಯವರೆದುರು ಸ್ವಾಗತಗೀತೆ ಹಾಡಿದ ಆ ಹುಡುಗಿಗೆ, ಕೆಳಜಾತಿಯವಳೆಂದು ತನಗೆ ಎಂಜಲೆಲೆ ಎತ್ತಲು ಹೇಳಿಯಾರೇನೋ ಎಂಬ ಅಂಜಿಕೆ ಇತ್ತು. ಮುಂದೆ ಅವರೇ ಅದನ್ನು ನೆನಪಿಸಿಕೊಂಡಿದ್ದಾರೆ. ಹಾಡು ಒಳಗೆ ಹೋಗಿತ್ತು, ಹಾಡಿದವಳು ಇನ್ನೂ ಹೊಸ್ತಿಲಲ್ಲಿದ್ದಳು. ಅವರು ಪೂರ್ತಿ ಒಳಗಾಗಲು ಸವಾಯಿ ಗಂಧರ್ವರಂಥ ಗುರು ಬೇಕಾಯಿತು, ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ವರ್ಷಗಟ್ಟಲೆ ರೈಲಿನಲ್ಲಿ ಓಡಾಡಬೇಕಾಯಿತು. ನಾವು ರಾತ್ರಿಯಿಡೀ ಹಾಡುವ ಶಿಶುನಾಳ ಶರೀಫರ (1819–1889) ಕತೆಯೂ ಅಷ್ಟೆ. ಮುಸಲ್ಮಾನ ಹುಡುಗನನ್ನು ಶಿಷ್ಯನೆಂದು ಒಪ್ಪಿದವರು ಕಳಸದ ಬ್ರಾಹ್ಮಣ ಗೋವಿಂದಭಟ್ಟರು. ಇಬ್ಬರಿಗೂ ಬಾಗಿಲು ತೆರೆದದ್ದು ಒಳಗಿನಿಂದ.

ಹಾಗಾದರೆ ಹೊರಗಿನವನು ಏನು ಮಾಡಬೇಕು? ಸುಮ್ಮನೆ ಮನೆಯಲ್ಲಿರಬೇಕೆ? ಯಾರೂ ಬರದಿದ್ದರೆ ಇಂಥ ರಾತ್ರಿಗಳು ಉಳಿಯುವುದೂ ಕಷ್ಟ. ನಮ್ಮ ಮೇಳದಲ್ಲಿ ಹರೆಯದವರು ಕಡಿಮೆಯಾಗುತ್ತಿದ್ದಾರೆ. ಬರ್ಲಿನ್ನಿನಲ್ಲಿ ಬಾಡಿಗೆ ಏರಿ ಕ್ಲಬ್ಬುಗಳು ಮುಚ್ಚುತ್ತಿವೆ. 2024ರ ಮಾರ್ಚಿನಲ್ಲಿ ಜರ್ಮನಿ ಬರ್ಲಿನ್ನಿನ ಟೆಕ್ನೋವನ್ನು ತನ್ನ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಗುಟ್ಟಾಗಿ ಹುಟ್ಟಿದ್ದಕ್ಕೆ ಈಗ ಸರಕಾರದ ಮುದ್ರೆ. ಎಲ್ಲರಿಗೂ ಹೇಳಿದರೆ ಅದರ ಜೀವ ಹೋಗುತ್ತದೆ, ಯಾರಿಗೂ ಹೇಳದಿದ್ದರೆ ಅದೇ ಹೋಗುತ್ತದೆ.

ಇದಕ್ಕೆ ನನಗೆ ಸಿಕ್ಕ ಉತ್ತರ ಬರ್ಲಿನ್ನಿನ ಸಹಪಾಠಿಯೊಬ್ಬಳದು. ಅವಳು ವಿಳಾಸ ಕೊಡಲಿಲ್ಲ. “ಶನಿವಾರ ನನ್ನ ಜೊತೆ ಬಾ” ಎಂದಳು. ವಿಳಾಸ ಕೊಡುವುದಕ್ಕೂ ಕರೆದುಕೊಂಡು ಹೋಗುವುದಕ್ಕೂ ಬಹಳ ಅಂತರವಿದೆ. ವಿಳಾಸ ಕೊಟ್ಟವನ ಕೆಲಸ ಅಲ್ಲಿಗೆ ಮುಗಿಯುತ್ತದೆ. ಕರೆದುಕೊಂಡು ಹೋದವನು ಬಂದವನ ನಡತೆಗೆ ಹೊಣೆಯಾಗುತ್ತಾನೆ: ಅವನು ಫೋನ್ ಎತ್ತಿದರೆ ತಲೆತಗ್ಗಿಸಬೇಕಾದವನು ಇವನು. ಅವಳ ಜೊತೆ ಹೋದ ಆ ರಾತ್ರಿ, ಕತ್ತಲಲ್ಲಿ, ನನ್ನ ಮುಖ ಯಾರಿಗೂ ಬೇಕಿರಲಿಲ್ಲ. ಒಂದೇ ಬಡಿತ ಮತ್ತೆ ಮತ್ತೆ ಬರುತ್ತ, ಪಲ್ಲವಿ ಹಿಡಿದವರ ನಡುವೆ ಕುಳಿತಂತೆಯೇ ಇತ್ತು.

ಆದ್ದರಿಂದ ಹುಡುಕಿಕೊಂಡು ಹೋಗುವ ಹಕ್ಕು ಹೊರಗಿನವನಿಗೆ ಇಲ್ಲವೆಂದೇ ನಾನು ಹೇಳುತ್ತೇನೆ. ಕಾಯುವ ಹಕ್ಕು ಇದೆ, ಕರೆದರೆ ಹೋಗುವ ಹಕ್ಕು ಇದೆ. ಹೋದಮೇಲೆ ಕೈಗೆ ಕೊಟ್ಟ ತಾಳವನ್ನು ಹಿಡಿಯುವ ಕರ್ತವ್ಯವೂ ಇದೆ. ಆದರೆ ಇದರಿಂದ ಒಳಗಿನವನ ಮೇಲೆ ಬೀಳುವ ಭಾರ ಇನ್ನೂ ದೊಡ್ಡದು. ಕರೆಯಬೇಕಾದವನು ಅವನೇ. ದೂರದ ಬೆಂಗಳೂರಿನಿಂದ ಬಂದವರಿಗೆ ಕೂಡಲೇ ಜಾಗ ಮಾಡಿಕೊಟ್ಟ ನಾವು, ಹತ್ತು ಹೆಜ್ಜೆ ದೂರದ ಮೆಟ್ಟಿಲ ಬಳಿ ಅದೇ ಪಲ್ಲವಿಯನ್ನು ನಮಗಿಂತ ಚೆನ್ನಾಗಿ ಹಿಡಿಯುತ್ತಿರುವವರಿಗೆ ‘ಬರ್ರಿ, ಕುಂದರ್ರಿ’ ಎನ್ನಲು ಇನ್ನೆಷ್ಟು ಅಮಾವಾಸ್ಯೆ ಬೇಕು?