ನಾಲ್ಕು ಗಂಟೆಯ ಬಸ್ಸು

ಅಂಕೋಲೆಯ ಬಸ್ ಸ್ಟ್ಯಾಂಡಿನಲ್ಲಿ ಮೂರೂಮುಕ್ಕಾಲಿಗೆ ನಿಂತರೆ ಸಣ್ಣ ಊರಿನ ಕಾಲೇಜು ಅಂದರೇನೆಂದು ಅರ್ಧ ತಿಳಿದುಹೋಗುತ್ತದೆ. ಅಚವೆ, ಹಿಲ್ಲೂರು ಕಡೆಯ ಹುಡುಗಿಯರು ಬ್ಯಾಗನ್ನು ಎದೆಗೆ ಹಾಕಿಕೊಂಡು, ಬಸ್ಸಿನ ಬಾಗಿಲು ಎಲ್ಲಿಗೆ ಬಂದು ನಿಲ್ಲಬಹುದೆಂದು ಅಂದಾಜು ಮಾಡಿ ಅಲ್ಲೇ ಜಾಗ ಹಿಡಿದಿರುತ್ತಾರೆ. ಒಬ್ಬಳ ಕೈಯಲ್ಲಿ ಅರ್ಧ ತಿಂದ ಬನ್ಸು, ಇನ್ನೊಬ್ಬಳ ಕೈಯಲ್ಲಿ ಸಹಿಯಾಗದ ಜರ್ನಲ್ಲು. ಸರ್ ಸ್ಟಾಫ್ ರೂಮಿಗೆ ಬರುವ ತನಕ ಕಾದಿದ್ದರೆ ಸಹಿ ಆಗುತ್ತಿತ್ತು, ಬಸ್ಸು ಸಿಗುತ್ತಿರಲಿಲ್ಲ.

ಈ ಊರಿಗೆ ಪದವಿ ಕಾಲೇಜು ಬಂದದ್ದು 1966ರಲ್ಲಿ. ಗೋಪಾಲಕೃಷ್ಣ ಗೋಖಲೆಯವರು ಹುಟ್ಟಿ ನೂರು ವರ್ಷ ತುಂಬಿದ ವರ್ಷ ಅದು, ಹೆಸರೂ ಗೋಖಲೆ ಸೆಂಟಿನರಿ ಕಾಲೇಜು. ಕಟ್ಟಿದವರು ದಿನಕರ ದೇಸಾಯಿ. ನಾಡಿಗೆ ಅವರು ಚುಟುಕುಗಳ ಕವಿ. ಈ ಜಿಲ್ಲೆಗೆ, ಗೇಣಿ ರೈತರ ಪರ ನಿಂತು ಗಡಿಪಾರಾದ ಮನುಷ್ಯ. 1953ರಲ್ಲಿ ಕೆನರಾ ವೆಲ್ಫೇರ್ ಟ್ರಸ್ಟ್ ಕಟ್ಟಿ ಹಳ್ಳಿಹಳ್ಳಿಗೆ ಹೈಸ್ಕೂಲು ಒಯ್ದರು. ಕಾಲೇಜು ಬರುವ ಮೊದಲು ಇಲ್ಲಿಯ ಹುಡುಗ ಡಿಗ್ರಿ ಓದಬೇಕೆಂದರೆ ಊರು ಬಿಡಬೇಕಿತ್ತು. ಹುಡುಗಿಯನ್ನು ಊರು ಬಿಡಿಸಿ ಓದಿಸುವ ಮನೆಗಳು ತೀರ ಕಡಿಮೆ. ಕಾಲೇಜೇ ಮಕ್ಕಳಿದ್ದಲ್ಲಿಗೆ ಬರಬೇಕು ಎಂದು ಅವರು ಹಟ ಹಿಡಿದದ್ದಕ್ಕೆ ಎಷ್ಟು ಮನೆಗಳ ದಿಕ್ಕು ಬದಲಾಯಿತೆಂದು ನೆನೆದರೆ ಇವತ್ತಿಗೂ ಮನಸ್ಸು ತುಂಬಿ ಬರುತ್ತದೆ.

ಇದೇ ತಾಲ್ಲೂಕಿನ ಸುಕ್ರಿ ಬೊಮ್ಮಗೌಡ, ತುಳಸಿ ಗೌಡ ಇಬ್ಬರಿಗೂ ಪದ್ಮಶ್ರೀ ಬಂತು. ಒಬ್ಬರು ಹಾಡಿನ ಕಣಜ, ಇನ್ನೊಬ್ಬರು ಕಾಡಿನ ತಾಯಿ. ಇಬ್ಬರಿಗೂ ಶಾಲೆ ಒದಗಲಿಲ್ಲ. ಅವರದೇ ಹಾಲಕ್ಕಿ ಸಮುದಾಯದ, ಅವರ ಮೊಮ್ಮಕ್ಕಳ ಓರಗೆಯ ಹುಡುಗಿಯರು ಈಗ ಬಿ.ಎ., ಬಿ.ಕಾಂ. ಓದುತ್ತಿದ್ದಾರೆ. ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲಿಗರು ಇವರು. ಸ್ಕಾಲರ್‌ಶಿಪ್ಪಿನ ಅರ್ಜಿಗೆ ಯಾವ ಪ್ರಮಾಣಪತ್ರ ಬೇಕು, ಬಿ.ಎಡ್.ಗೆ ಯಾವ ವಿಷಯ ಹಿಡಿದರೆ ಒಳ್ಳೆಯದು, ಬ್ಯಾಂಕಿನ ಪರೀಕ್ಷೆಗೆ ಯಾವಾಗ ಕೂರಬೇಕು, ಇದನ್ನೆಲ್ಲ ಊಟದ ಹೊತ್ತಿಗೆ ಹೇಳಿಕೊಡುವ ಅಪ್ಪನೋ ಚಿಕ್ಕಪ್ಪನೋ ಅವರಿಗಿಲ್ಲ. ಹೇಳಿಕೊಡಬೇಕಾದದ್ದು ಕಾಲೇಜು. ಅದೂ ತರಗತಿಯಲ್ಲಲ್ಲ. ಪಾಠ ಮುಗಿದ ಮೇಲೆ ಲೈಬ್ರರಿಯ ಮೇಜಿನ ಸುತ್ತ, ಮೈದಾನದ ಕಟ್ಟೆಯ ಮೇಲೆ, ತಾಲೀಮಿನ ನಡುವಿನ ಚಹದ ಹೊತ್ತಿನಲ್ಲಿ, ಸೀನಿಯರ್ ಅಕ್ಕಂದಿರ ಬಾಯಲ್ಲಿ.

ಆ ಹೊತ್ತನ್ನೇ ಬಸ್ಸು ಕೊಂಡೊಯ್ಯುತ್ತದೆ. ಹೆದ್ದಾರಿಯಲ್ಲಿ ಬಸ್ಸಿಗೆ ಬರವಿಲ್ಲ, ಹೆದ್ದಾರಿ ಬಿಟ್ಟು ಒಳಕ್ಕೆ ತಿರುಗುವ ಊರುಗಳದ್ದೇ ಪಾಡು. ಒಂದು ತಪ್ಪಿದರೆ ಮುಂದಿನದಕ್ಕೆ ಕತ್ತಲಾಗುತ್ತದೆ, ಇಳಿದ ಮೇಲೆ ಗದ್ದೆಯ ಅಂಚಿನಲ್ಲಿ ನಡಿಗೆ ಬೇರೆ. ಯಾವ ಸಣ್ಣ ಊರಿನ ಕಾಲೇಜಿಗೆ ಹೋದರೂ ಗ್ಯಾದರಿಂಗಿನ ನಾಟಕದಲ್ಲಿ ಪೇಟೆಯ ಮಕ್ಕಳೇ ಹೆಚ್ಚು ಕಾಣುವುದು ಇದರಿಂದಲೇ. ಹಳ್ಳಿಯ ಮಕ್ಕಳಿಗೆ ಕುಣಿತ ಬಾರದೆಂದಲ್ಲ. ಯಕ್ಷಗಾನದ ಚಂಡೆ ಕೇಳುತ್ತ ಬೆಳೆದವರು ಅವರು. ತಾಲೀಮು ಐದೂವರೆಗೆ ಮುಗಿಯುತ್ತದೆ, ಅಷ್ಟೇ.

ಹಾಗೆಂದು ಬಸ್ಸಿನೊಳಗೆ ಏನೂ ಇಲ್ಲವೆಂದಲ್ಲ. ಕೂತವಳ ತೊಡೆಯ ಮೇಲೆ ನಿಂತವರ ಐದು ಬ್ಯಾಗು. ಮುಂದಿನ ಸೀಟಿನವಳು ಹಿಂದಕ್ಕೆ ತಿರುಗಿ ಇಂಟರ್ನಲ್ಸಿಗೆ ಬರುವ ಪ್ರಶ್ನೆ ಹೇಳುತ್ತಾಳೆ. 2023ರ ಜೂನ್ 11ರಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೇಟಿನ ದುಡ್ಡು ಕೊಡಬೇಕಿಲ್ಲ. ಕಾಲೇಜಿಗೆ ಕಳಿಸುವುದೋ ಬೇಡವೋ ಎಂಬ ಮನೆಯ ಲೆಕ್ಕದಲ್ಲಿ ಒಂದು ಸಾಲು ಅಳಿಸಿಹೋಯಿತು. ಈ ಯೋಜನೆಯ ಬಗ್ಗೆ ಯಾರು ಏನೇ ಹೇಳಲಿ, ಆ ಸೀಟುಗಳನ್ನು ಕಂಡ ಮೇಲೆ ನಾನು ಅದರ ಪರ. ಹುಡುಗರು ಈಗಲೂ ಪಾಸು ಮಾಡಿಸಬೇಕು. ನಡುವೆಯೇ ಓದು ಬಿಟ್ಟು ಗೋವಾದ ಕೆಲಸಕ್ಕೋ ದೋಣಿಗೋ ಹೋಗುವವರೂ ಅವರಲ್ಲೇ ಇದ್ದಾರೆ.

ಮಳೆಗಾಲದ ಮಾತು ಬೇರೆಯೇ. 2024ರ ಜುಲೈ 16ರಂದು ಇದೇ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಜೀವಗಳು ಹೋದವು, ಹೆದ್ದಾರಿ ದಿನಗಟ್ಟಲೆ ಮುಚ್ಚಿತು. ಗಂಗಾವಳಿ ನದಿಯ ಬದಿಯ ಮಕ್ಕಳಿಗೆ ಆ ದಿನಗಳಲ್ಲಿ ಅಂಕೋಲೆ ಎಷ್ಟು ದೂರವಾಗಿತ್ತೋ.

ದೇಸಾಯಿಯವರ ಕಾಲಕ್ಕೆ ಕಾಲೇಜು ನಮ್ಮ ಮಕ್ಕಳಿಂದ ದೂರವಿತ್ತು. ಆ ದೂರ ಕರಗಿದೆ. ಉಳಿದದ್ದು ಇಪ್ಪತ್ತು ಚಿಲ್ಲರೆ ಕಿಲೋಮೀಟರು. ಅದಕ್ಕೆ ಹೊಸ ಕಟ್ಟಡ ಬೇಡ, ಸ್ಮಾರ್ಟ್ ಬೋರ್ಡೂ ಬೇಡ. ಒಳಗಿನ ಊರುಗಳಿಗೆ ಐದೂವರೆ ಕಳೆದೊಡನೆ ಒಂದೊಂದು ಬಸ್ಸು ಹೊರಟರೆ ಸಾಕು. ಹುಡುಗಿಯರು ಜಾಗ ಹಿಡಿದು ನಿಲ್ಲುವ ಆ ಹೊತ್ತಿಗೆ ವೇಳಾಪಟ್ಟಿ ಬರೆಯುವವರು ಒಮ್ಮೆ ಬಂದು ನೋಡಲಿ ಎಂದು ನಾನು ಕೈಮುಗಿದು ಕೇಳುತ್ತೇನೆ.

ಮೊನ್ನೆ ಬಸ್ಸು ಹೊರಡುವುದರಲ್ಲಿತ್ತು. "ಅಣ್ಣಾ, ಒಂಚೂರು ನಿಲ್ಸಿ, ನಮ್ಮವಳೊಬ್ಳು ಬರ್ತೇ ಇದ್ದಾಳೆ" ಎಂದಳು ಕಿಟಕಿಯ ಹುಡುಗಿ. ಕಂಡಕ್ಟರು ಸೀಟಿ ಊದದೆ ನಿಂತರು. ಓಡಿ ಬಂದವಳು ಕಂಬಿ ಹಿಡಿದು ಏದುಸಿರಿನಲ್ಲೇ, "ನಾಟಕಕ್ಕೆ ಹೆಸರು ಕೊಟ್ಟು ಬಂದೆ ಮಾರಾಯ್ತಿ. ತಾಲೀಮು ಇದ್ದ ದಿನ ಚಿಕ್ಕಮ್ಮನ ಮನೇಲಿ ಉಳೀತೆ" ಎಂದಳು.

"ಅಪ್ಪಂಗೆ ಯಾರು ಹೇಳೂದು?"

"ನೀನೇ ಬಾ, ಇವತ್ತು ನಮ್ಮನೆ ಸ್ಟಾಪಲ್ಲೇ ಇಳಿ."